ಅಪ್‌ಡೇಟ್: ಕಡಲ ತೀರವೋ, ಒಳಗಿನ ಬಡಾವಣೆಯೋ?

ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅತ್ತೆಯೊಂದಿಗೆ ಊರು ಬದಲಿಸುತ್ತಿದ್ದೇವೆ, ಸಮುದ್ರದ ಪಕ್ಕ ಮನೆ ಮಾಡುವುದೋ ಉಪನಗರದಲ್ಲೋ ಎಂದು ಮೂರು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಕೊನೆಗೆ ತೀರದಿಂದ ನಾಲ್ಕು ಕಿಲೋಮೀಟರ್ ಒಳಗೆ, ತುಸು ಎತ್ತರದ ಬಡಾವಣೆಯೊಂದನ್ನು ಆರಿಸಿದೆವು. ಸದ್ಯಕ್ಕೆ ಬಾಡಿಗೆ ಮನೆ; ಒಂದು ಮಳೆಗಾಲ ಕಳೆಯದೆ ಖರೀದಿಯ ಮಾತೇ ಇಲ್ಲ.

ಕಣ್ಣು ತೆರೆಸಿದ್ದು ನಿಮ್ಮಲ್ಲೊಬ್ಬರ ಸಲಹೆ: ಭಾನುವಾರ ಸಂಜೆಯಲ್ಲ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿ. ಹೋದೆವು. ರಜಾದಿನ 20 ನಿಮಿಷ ಹಿಡಿದಿದ್ದ ಶಾಲೆಯ ದಾರಿ ಅಂದು 55 ನಿಮಿಷ ಹಿಡಿಯಿತು. ತೀರದ ಮನೆಯ ಕಿಟಕಿ ಸರಳು ಮುಟ್ಟಿದರೆ ತುಕ್ಕು ಕೈಗೇ ಬಂತು. ಉಪ್ಪುಗಾಳಿ ಎಸಿಯ ಹೊರಘಟಕವನ್ನೂ ಬಿಟ್ಟಿರಲಿಲ್ಲ. (ಮಾಲೀಕರು ಮಾತ್ರ ಸೂರ್ಯಾಸ್ತವನ್ನೇ ತೋರಿಸುತ್ತಿದ್ದರು.) ಪಕ್ಕದ ಮನೆಯವರನ್ನು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಉಬ್ಬರದ ಹೊತ್ತಿನಲ್ಲಿ ಜೋರು ಮಳೆ ಸುರಿದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯದೆ ಬೀದಿಗೇ ಮರಳುತ್ತದೆಯಂತೆ. ಆಸ್ಪತ್ರೆಗೆ ಹೋಗಲು ಇದ್ದದ್ದೂ ಅದೊಂದೇ ರಸ್ತೆ. ಅತ್ತೆಯವರು ಅಲ್ಲೇ ತೀರ್ಪು ಕೊಟ್ಟುಬಿಟ್ಟರು.

ಮಗಳು ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ. ಪ್ರತಿ ಶನಿವಾರ ಕಡಲಿಗೆ ಕರೆದೊಯ್ಯುವ ಮಾತು ಕೊಟ್ಟಿದ್ದೇನೆ. ಎರಡು ಶನಿವಾರ ಆಗಲೇ ತಪ್ಪಿದೆ.