ಸಹಾಯ ಬೇಕು: ಇ-ಮೌಂಟನ್ ಬೈಕಿನ ಮುಂದಿನ ಚೈನ್‌ರಿಂಗ್ ಬದಲಾಯಿಸುವುದು
ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಮೌಂಟನ್ ಬೈಕಿನಲ್ಲಿ ಮುಂದೆ 34 ಹಲ್ಲಿನ ಚೈನ್‌ರಿಂಗ್ (ಪೆಡಲ್ ಬಳಿ ಚೈನ್ ಓಡುವ ಹಲ್ಲಿನ ಚಕ್ರ) ಇದೆ, ಹಿಂದೆ 51 ಹಲ್ಲಿನ ದೊಡ್ಡ ಗೇರ್. ಕಡಿದಾದ ಏರಿನಲ್ಲಿ ಕಾಲು ಸೋಲುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. 32 ಹಾಕಿದರೆ ಗೇರ್ ಸುಮಾರು 6% ಹಗುರಾಗುತ್ತದೆ, ಅಲ್ವಾ?

ಚೈನ್ ಅರ್ಧ ಇಂಚಿನಷ್ಟು ಮಾತ್ರ ಸಡಿಲವಾಗುವುದರಿಂದ ಕತ್ತರಿಸಬೇಕಿಲ್ಲ ಅಂದುಕೊಂಡಿದ್ದೇನೆ. ಅದಕ್ಕಿಂತ ಜಾಸ್ತಿ ಭಯ, ಚೈನ್‌ರಿಂಗನ್ನು ಮೋಟಾರಿಗೆ ಬಿಗಿದಿಡುವ ಲಾಕ್‌ರಿಂಗ್‌ದು. ಕೆಲವು ಮೋಟಾರ್‌ಗಳಲ್ಲಿ ಅದರ ಮರೆ (ಥ್ರೆಡ್) ಉಲ್ಟಾ ಇರುತ್ತದಂತೆ, ಅಂದರೆ ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಸುಮ್ನೆ ಬಲ ಹಾಕಿ ಮರೆ ಹಾಳುಮಾಡಲು ಮನಸ್ಸಿಲ್ಲ. ಬಿಚ್ಚುವ ಮೊದಲೇ ಅದನ್ನು ತಿಳಿಯುವುದು ಹೇಗೆ? ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತೆಗೆಯಲೇಬೇಕಾ?

ಇನ್ನೊಂದು, ಹೊಸ ರಿಂಗ್‌ನ ಆಫ್‌ಸೆಟ್ (ಹಲ್ಲುಗಳು ಪಕ್ಕಕ್ಕೆ ಸರಿದಿರುವ ಅಳತೆ) ಹಳೆಯದರಷ್ಟೇ ಇರಬೇಕಾ? ಚೈನ್ ಓರೆಯಾಗಿ ಓಡಿದರೆ ಬೇಗ ಸವೆಯುತ್ತದೆ, ಅದಕ್ಕೇ ಕೇಳುತ್ತಿದ್ದೇನೆ. ಸ್ವತಃ ಬದಲಾಯಿಸಿದವರು ದಯವಿಟ್ಟು ಹೇಳಿ.