ರ್‍ಯಾಮ್: 16 ಜಿಬಿ ಮಾಡಿಸೋದಾ, 3200 ಹಾಕಿಸೋದಾ?

ಆಲ್ಬಂಕೆಲಸ, ಹಾಸನ

ಮನೆಯಲ್ಲೇ ಕೂತು ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಐ3 8100 ಪ್ರೊಸೆಸರು, ಎಚ್310 ಮದರ್‌ಬೋರ್ಡು, 8 ಜಿಬಿಯ ಒಂದೇ ರ್‍ಯಾಮ್ ಸ್ಟಿಕ್ಕು (ಡಿಡಿಆರ್4, ಸ್ಪೀಡು 2400), ಹಳೇ ಹಾರ್ಡ್ ಡಿಸ್ಕು. ಫೋಟೋಶಾಪಿನಲ್ಲಿ 12x36 ಇಂಚಿನ ಶೀಟು ತೆರೆದು ಏಳೆಂಟು ಫೋಟೋ ಎಳೆದು ಹಾಕುವಷ್ಟರಲ್ಲಿ ಕರ್ಸರ್ ಗಿರಗಿರ ತಿರುಗಲು ಶುರು. ಮೊನ್ನೆ ಧಾರೆ ಶೀಟು ಸೇವ್ ಕೊಟ್ಟು ಎದ್ದು ಹೋದವನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಮುಗಿದಿರಲಿಲ್ಲ.

ಅಂಗಡಿಯವರು "ಇದನ್ನು ಕೊಟ್ಟು 3200ರ 8 ಜಿಬಿ ತಗೊಳ್ಳಿ ಸಾರ್, ಸ್ಪೀಡೇ ಬೇರೆ" ಎನ್ನುತ್ತಾರೆ. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಇನ್ನೊಂದು 2400ರ 8 ಜಿಬಿ ಬರುತ್ತದೆ. ಆಷಾಢ ಮುಗಿಯುವುದರೊಳಗೆ ಒಂದು ತೀರ್ಮಾನ ಆಗಬೇಕು. ಶ್ರಾವಣ ಬಂದರೆ ಪಾರ್ಟಿಗಳು ಉಸಿರಾಡೋಕೂ ಬಿಡಲ್ಲ. ಯಾವುದು ತಗೊಳ್ಳಲಿ?

ಕಾಫಿಕಣ, ಚಿಕ್ಕಮಗಳೂರು

ಶೀಟು ತೆರೆದಿಟ್ಟುಕೊಂಡೇ ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ತುಂಬಿ, ಡಿಸ್ಕ್ 100% ತೋರಿಸುತ್ತಿದ್ದರೆ ಸ್ಪೀಡಿನ ಮಾತೇ ಬೇಡ.

ಲೆಕ್ಕ ಹಾಕಿ. 12x36 ಅಂದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 3600 x 10800 ಪಿಕ್ಸೆಲ್. ಒಂದಕ್ಕೆ 3 ಬೈಟ್ ಹಿಡಿದರೂ ಖಾಲಿ ಶೀಟಿಗೇ ಸುಮಾರು 117 ಎಂಬಿ ಬೇಕು. ಮೇಲೆ ಲೇಯರುಗಳು, ಹಿಸ್ಟರಿ. ಜಾಗ ಸಾಲದೆ ಹೋದರೆ ಎಲ್ಲವೂ ಹಾರ್ಡ್ ಡಿಸ್ಕಿಗೆ ಹೋಗಿ ಬರುತ್ತದೆ. ರ್‍ಯಾಮಿಗೆ ನ್ಯಾನೋಸೆಕೆಂಡು ಸಾಕಾಗುವ ಕಡೆ ತಿರುಗುವ ಡಿಸ್ಕಿಗೆ ಮಿಲಿಸೆಕೆಂಡು ಬೇಕು. ಕಣ ತುಂಬಿ ಕಾಫಿ ಹಣ್ಣು ಮೂಟೆಯಲ್ಲೇ ಕೂತಿರುವಾಗ, ಕೈಯಾಡಿಸುವ ಆಳು ಎಷ್ಟು ಚುರುಕಾಗಿದ್ದರೇನು?

ಹಳೇಬೋರ್ಡು, ಅರಸೀಕೆರೆ

ಅಂಗಡಿಯವರು ಒಂದು ಮಾತು ಬಿಟ್ಟಿದ್ದಾರೆ. 8100 ಪ್ರೊಸೆಸರಿನ ಮಿತಿಯೇ 2400. ಎಚ್310 ಬೋರ್ಡಿನಲ್ಲಿ ಅದನ್ನು ಏರಿಸೋಕೂ ಆಗಲ್ಲ. ನೀವು 3200 ಹಾಕಿದರೂ ಅದು 2400ರಲ್ಲೇ ಓಡುತ್ತದೆ.

ತಮಾಷೆ ಏನು ಗೊತ್ತಾ? ಎರಡನೇ ಸ್ಟಿಕ್ಕು ಹಾಕಿದರೆ ಡ್ಯೂಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಹೋಗಿ ಬರುತ್ತದೆ. ಈಗ ಕಾಗದದ ಮೇಲೆ ಸೆಕೆಂಡಿಗೆ 19.2 ಜಿಬಿ ಇರುವುದು 38.4 ಆಗುತ್ತದೆ. ಸ್ಪೀಡು ಬೇಕು ಅಂದರೂ ನಿಮಗೆ ಆ 2400ರ ಸ್ಟಿಕ್ಕೇ ಸರಿ.

ಗೇಮಿನಮ್ಮ, ಕಡೂರು

ಸ್ಪೀಡು ಸುಮ್ನೆ ಅಂತ ತಿಳಿಯಬೇಡಿ. ನಮ್ಮ ಮನೆಯದು ರೈಜನ್ 5 5600ಜಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗ್ರಾಫಿಕ್ಸಿಗೂ ಅದೇ ರ್‍ಯಾಮ್. 2400 ತೆಗೆದು 3200 ಹಾಕಿದ ಮೇಲೆ ಮಗನ ಗೇಮು ತಡವರಿಸುವುದು ಚೆನ್ನಾಗಿಯೇ ಕಮ್ಮಿ ಆಯಿತು. ಆದರೆ ಅಷ್ಟೊತ್ತಿಗೆ ನಮ್ಮಲ್ಲಿ 16 ಜಿಬಿ ಇತ್ತು, ಅದೂ ನಿಜ.

3200 ತಗೊಳ್ಳುವವರು ಸಿಎಲ್ (ಡೇಟಾ ಕೇಳಿದ ಮೇಲೆ ಎಷ್ಟು ಕಾಯಿಸುತ್ತದೆ ಅನ್ನುವ ಲೆಕ್ಕ) ಕೂಡ ನೋಡಿ. ಸಿಎಲ್16 ಅಂದರೆ 10 ನ್ಯಾನೋಸೆಕೆಂಡು, ಸಿಎಲ್22 ಅಂದರೆ 13.75. 2400 ಸಿಎಲ್17ರದ್ದು 14.2. ಹೆಸರಿಗೆ 3200, ಕಾಯಿಸುವುದರಲ್ಲಿ ಹೆಚ್ಚುಕಮ್ಮಿ ಹಳೇದರ ಹಾಗೇ!

ಆಲ್ಬಂಕೆಲಸ, ಹಾಸನ

ನೋಡಿದೆ. ಮೆಮೊರಿ 96%, ಡಿಸ್ಕ್ ನೂರಕ್ಕೆ ನೂರು. ಇನ್ನೊಂದು 2400ರ 8 ಜಿಬಿ ತಂದು ಹಾಕಿದೆ. ಮೊದಲು ಆನೇ ಆಗಲಿಲ್ಲ, ಬರೀ ಬೀಪ್ ಬೀಪ್. ಎದೆ ಧಸಕ್ಕೆಂದಿತು. ಎರಡನ್ನೂ ಕಿತ್ತು, ಮಗಳ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ಹಳೇ ಸ್ಟಿಕ್ಕಿನ ಕಾಲುಗಳನ್ನು ಉಜ್ಜಿ, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿದೆ. ಬಂತು.

ಇವತ್ತು ಅದೇ ಧಾರೆ ಶೀಟು ಸೇವ್ ಕೊಟ್ಟೆ. ಅಡುಗೆಮನೆ ಬಾಗಿಲವರೆಗೂ ಹೋಗಿರಲಿಲ್ಲ, ಮುಗಿದಿತ್ತು. ಸೀಸನ್ ದುಡ್ಡು ಬಂದ ಮೇಲೆ ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಹಾಕಿಸುತ್ತೇನೆ, ಆಗ ಮತ್ತೆ ತಲೆ ತಿನ್ನೋಕೆ ಬರುತ್ತೇನೆ.