ಇಂಗ್ಲಿಷಿನ ರೈಮಿಂಗ್ ವರ್ಡ್ಸ್ ಅರ್ಥದ ಸಮೇತ ಕಲಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಎರಡನೇ ಕ್ಲಾಸ್ ಹುಡುಗಿಯ ಅಮ್ಮ

ನಮಸ್ಕಾರ. ಮಗಳಿಗೆ ಇಂಗ್ಲಿಷಿನಲ್ಲಿ ರೈಮಿಂಗ್ ವರ್ಡ್ಸ್, ಅಂದರೆ ಪ್ರಾಸಪದಗಳ ಪಾಠ ನಡೆಯುತ್ತಿದೆ. ಕ್ಯಾಟ್, ಬ್ಯಾಟ್, ಹ್ಯಾಟ್, ಮ್ಯಾಟ್ ಅಂತ ಪಟಪಟ ಹೇಳುತ್ತಾಳೆ. ಅರ್ಥ ಕೇಳಿದರೆ ಅರ್ಧಕ್ಕೇ ಸುಮ್ಮನಾಗುತ್ತಾಳೆ. ಇನ್ನೊಂದು ತೊಂದರೆ ಏನೆಂದರೆ, ಸ್ಪೆಲಿಂಗ್ ಒಂದೇ ಥರ ಇದ್ದರೆ ಸಾಕು, ಪ್ರಾಸ ಅಂತ ತಿಳಿದಿದ್ದಾಳೆ. ಲವ್ ಮತ್ತು ಮೂವ್ ಜೋಡಿ ಮಾಡಿ ಬರೆದಳು, ಟೀಚರ್ ತಪ್ಪು ಹಾಕಿದರು. ಯಾಕೆ ತಪ್ಪು ಅಂತ ಅವಳಿಗೆ ಬಿಡಿಸಿ ಹೇಳಬೇಕು. ಉದ್ದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಲಾ? ಬೇರೆ ದಾರಿ ಇದೆಯಾ? ಮಕ್ಕಳಿಗೆ ಕಲಿಸಿದವರು, ತಾವೇ ಕಲಿತವರು ದಯವಿಟ್ಟು ತಿಳಿಸಿ.

ಉತ್ತರ: ಪ್ರೈಮರಿ ಇಂಗ್ಲಿಷ್ ಟೀಚರ್

ಮೇಡಂ, ಮೊದಲು ಪುಸ್ತಕ ಮುಚ್ಚಿಡಿ. ಪ್ರಾಸ ಗೊತ್ತಾಗುವುದು ಕಿವಿಗೆ. ಪುಸ್ತಕ ತೆರೆದಿದ್ದರೆ ಮಗು ಅಕ್ಷರ ನೋಡಿ ಊಹೆ ಮಾಡುತ್ತದೆ. ಲವ್, ಮೂವ್ ವಿಷಯದಲ್ಲಿ ಆಗಿರುವುದೂ ಅದೇ.

ನಿಯಮ ಚಿಕ್ಕದು. ಪದದಲ್ಲಿ ಒತ್ತು ಬೀಳುವ ಸ್ವರ ಯಾವುದೋ, ಅಲ್ಲಿಂದ ಕೊನೆಯವರೆಗೂ ಸದ್ದು ಒಂದೇ ಇರಬೇಕು. ಆ ಸ್ವರಕ್ಕೆ ಮುಂಚೆ ಬರುವ ವ್ಯಂಜನ ಬೇರೆ ಇರಬೇಕು. ಅಷ್ಟೇ. ಲವ್ ಅನ್ನುವಾಗ ನಡುವೆ ಗಿಡ್ಡ 'ಅ' ಇದೆ, ಮೂವ್ ಅನ್ನುವಾಗ ಉದ್ದ 'ಊ' ಇದೆ. ಹಾಗಾಗಿ ಅವು ಸೇರುವುದಿಲ್ಲ. ಲವ್ ಜೊತೆ ಸೇರುವುದು ಗ್ಲವ್, ಅಂದರೆ ಕೈಗವಸು. ಅಬವ್, ಅಂದರೆ ಮೇಲೆ, ಅದೂ ಸೇರುತ್ತದೆ. ಮೂವ್ ಜೊತೆ ಸೇರುವುದು ಪ್ರೂವ್, ಅಂದರೆ ಸಾಬೀತು ಮಾಡು. ಮಗಳ ಬಾಯಲ್ಲೇ ಐದನ್ನೂ ನಿಧಾನವಾಗಿ ಹೇಳಿಸಿ. ಎಲ್ಲಿ ಸದ್ದು ತಿರುಗುತ್ತದೆ ಅಂತ ಅವಳೇ ಹೇಳುತ್ತಾಳೆ.

ಇದರ ಉಲ್ಟಾ ಉದಾಹರಣೆ ಮಕ್ಕಳಿಗೆ ಜಾಸ್ತಿ ಖುಷಿ ಕೊಡುತ್ತದೆ. ನೈಟ್ ಅಂದರೆ ರಾತ್ರಿ, ಕೈಟ್ ಅಂದರೆ ಗಾಳಿಪಟ, ಹೈಟ್ ಅಂದರೆ ಎತ್ತರ. ಮೂರರ ಬಾಲವೂ ಬೇರೆ ಬೇರೆ ಅಕ್ಷರದ್ದು, ಆದರೂ ಮೂರೂ ಪಕ್ಕಾ ಪ್ರಾಸ. ಈಗ ತೂಕ ಅನ್ನುವ ಅರ್ಥದ ವೇಟ್ ನೋಡಿ. ಅದರ ಸ್ಪೆಲಿಂಗಿನ ಬಾಲ ಹೈಟ್‌ನದ್ದೇ, ಇ-ಐ-ಜಿ-ಎಚ್-ಟಿ. ಆದರೆ ಅದು ಗೇಟ್, ಲೇಟ್, ಪ್ಲೇಟ್ ಗುಂಪಿಗೆ ಸೇರಿದ್ದು.

'ಹೀಗೇಕೆ?' ಅಂತ ಮಗು ಕೇಳಿದರೆ ಉತ್ತರ ಇದೆ. ಇಂಗ್ಲೆಂಡಿಗೆ ಅಚ್ಚಿನ ಯಂತ್ರವನ್ನು ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ತಂದರು. ಪುಸ್ತಕ ಹೆಚ್ಚಾದಂತೆ ಸ್ಪೆಲಿಂಗ್ ಗಟ್ಟಿಯಾಗುತ್ತಾ ಬಂತು. ಆದರೆ ಸುಮಾರು 1400ರಿಂದ 1700ರವರೆಗೆ ಜನರ ಬಾಯಲ್ಲಿ ಉದ್ದ ಸ್ವರಗಳ ಉಚ್ಚಾರ ಬದಲಾಗುತ್ತಲೇ ಇತ್ತು. ಬರಹ ನಿಂತಲ್ಲೇ ನಿಂತಿತು, ಮಾತು ಮುಂದೆ ಹೋಯಿತು.

ಮನೆಯಲ್ಲಿ ಆಡಿಸಲು ಒಂದು ಆಟ ಹೇಳುತ್ತೇನೆ. ಮೂರು ಪದ ಹೇಳಿ, ಗುಂಪಿಗೆ ಸೇರದ್ದು ಯಾವುದು ಅಂತ ಕೇಳಿ. ಸನ್, ರನ್, ಪೆನ್. ಬೆಡ್, ರೆಡ್, ಬ್ಯಾಡ್. ಇದು ಕೇವಲ ಹೊತ್ತು ಕಳೆಯುವ ಆಟ ಅಲ್ಲ. ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ಪರೀಕ್ಷೆ ಇತ್ತು. ಇನ್ನೂ ಓದಲು ಬಾರದ ನಾಲ್ಕೈದು ವರ್ಷದ ಮಕ್ಕಳಿಗೆ ಪದಗಳನ್ನು ಕೇಳಿಸಿ, ಸೇರದ್ದನ್ನು ಹೆಕ್ಕಿಸಿದ್ದರು. ಚೆನ್ನಾಗಿ ಹೆಕ್ಕಿದ ಮಕ್ಕಳು ಮುಂದೆ ಓದಿನಲ್ಲೂ ಸ್ಪೆಲಿಂಗಿನಲ್ಲೂ ಮುಂದಿದ್ದರು. ನನ್ನ ಕ್ಲಾಸಿನಲ್ಲೂ ಹಾಗೇ ಕಂಡಿದ್ದೇನೆ. ಕಿವಿ ಪಳಗಿದ ಮಗುವಿಗೆ ಹೊಸ ಪದ ಓದುವ ಧೈರ್ಯ ಬೇಗ ಬರುತ್ತದೆ.

ಉತ್ತರ: ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಕಲಿತವನು

ಟೀಚರ್ ಸದ್ದಿನ ಬಗ್ಗೆ ಹೇಳಿದರು. ನಾನು ಅರ್ಥದ ಬಗ್ಗೆ ಹೇಳುತ್ತೇನೆ. ಉದ್ದ ಪಟ್ಟಿ ಖಂಡಿತ ಬೇಡ. ಒಂದೇ ಸದ್ದಿನ ಹೊಸ ಪದಗಳನ್ನು ಸಾಲಾಗಿ ಕಲಿತರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಬ್ಲೇಮ್, ಕ್ಲೇಮ್, ಶೇಮ್, ಫ್ಲೇಮ್, ಟೇಮ್ ಎಲ್ಲವನ್ನೂ ಒಟ್ಟಿಗೆ ಓದಿದವರಿಗೆ ಮಾರನೇ ದಿನ ಯಾವುದು ಬೆಂಕಿ, ಯಾವುದು ನಾಚಿಕೆ ಅಂತ ಕೇಳಿ ನೋಡಿ. ಸದ್ದು ನೆನಪಿರುತ್ತದೆ, ಅರ್ಥ ಅದಲುಬದಲಾಗಿರುತ್ತದೆ.

ನನಗೆ ಕೈಹಿಡಿದ ದಾರಿ ಇದು. ಚೆನ್ನಾಗಿ ಗೊತ್ತಿರುವ ಮೂರು ಪದ, ಅವುಗಳ ನಡುವೆ ಹೊಸದು ಒಂದೇ ಒಂದು. ನೇಮ್, ಗೇಮ್, ಸೇಮ್ ಯಾರಿಗೆ ಗೊತ್ತಿಲ್ಲ? ಅವುಗಳ ಜೊತೆ ಬ್ಲೇಮ್ ಸೇರಿಸಿ. ದೂರು ಹೊರಿಸು ಅಂತ ಅರ್ಥ. ಕೂಡಲೇ ಒಂದು ಮಾತಿನಲ್ಲಿ ಬಳಸಿ: 'ಡೋಂಟ್ ಬ್ಲೇಮ್ ಮಿ', ನನ್ನ ಮೇಲೆ ಹಾಕಬೇಡ. ಅದು ನಾಲಿಗೆಯ ಮೇಲೆ ನಿಂತ ಮೇಲೆ ಟೇಮ್ ತನ್ನಿ, ಪಳಗಿಸು ಅಂತ. ಫ್ಲೇಮ್, ಅಂದರೆ ಜ್ವಾಲೆ, ಇನ್ನೂ ಆಮೇಲೆ.

ಒಂದೇ ಪದಕ್ಕೆ ಎರಡು ಅರ್ಥ ಇರುವುದನ್ನೂ ಮುಚ್ಚಿಡಬೇಡಿ. ನಿಮ್ಮ ಮಗಳ ಬ್ಯಾಟ್ ಆಟದ ಬ್ಯಾಟೂ ಹೌದು, ಬಾವಲಿಯೂ ಹೌದು. ಲೈಟ್ ಅಂದರೆ ಬೆಳಕು, ಹಗುರ ಕೂಡ. ಇನ್ನು ಸನ್ ಅಂದರೆ ಸೂರ್ಯ, ಸನ್ ಅಂದರೆ ಮಗ. ಸ್ಪೆಲಿಂಗ್ ಬೇರೆ, ಸದ್ದು ಪೂರ್ತಿ ಒಂದೇ. ಸ್ವರಕ್ಕೆ ಮುಂಚೆ ಬರುವ ವ್ಯಂಜನವೂ ಒಂದೇ ಆಗಿರುವುದರಿಂದ ಇವನ್ನು ರೈಮಿಂಗ್ ಜೋಡಿ ಅನ್ನುವುದಿಲ್ಲ. ಇವುಗಳಿಗೆ ಹೋಮೋಫೋನ್ ಅಂತ ಬೇರೆ ಹೆಸರಿದೆ. ಪರೀಕ್ಷೆಯಲ್ಲಿ ಮಕ್ಕಳು ಇವೆರಡನ್ನೂ ಬೆರೆಸಿಬಿಡುತ್ತಾರೆ.

ನಮ್ಮ ಕಿವಿಗೆ ಸುಲಭವಾಗಿ ಸಿಗದ ಒಂದು ವ್ಯತ್ಯಾಸ ಇದೆ, ಅದನ್ನು ಹೇಳದೆ ಹೋಗಲಾರೆ. ಬೆಲೆ ಅನ್ನುವ ಪ್ರೈಸ್, ಬಹುಮಾನ ಅನ್ನುವ ಪ್ರೈಜ಼್. ನಾವು ಮಾತಿನಲ್ಲಿ ಎರಡನ್ನೂ ಪ್ರೈಸ್ ಮಾಡಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ ಗುಂಪು. ಐಸ್, ರೈಸ್, ನೈಸ್, ಟ್ವೈಸ್ ಒಂದು ಕಡೆ. ವೈಜ಼್ ಅಂದರೆ ವಿವೇಕಿ, ರೈಜ಼್ ಅಂದರೆ ಮೇಲೇಳು, ಐಜ಼್ ಅಂದರೆ ಕಣ್ಣುಗಳು, ಇವು ಇನ್ನೊಂದು ಕಡೆ. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ. ಎರಡನೇ ಗುಂಪಿನ ಕೊನೆಯಲ್ಲಿ ಗಂಟಲು ಗುಂಯ್ ಅನ್ನುತ್ತಿರಬೇಕು. ಸ್ವರವೂ ಸ್ವಲ್ಪ ಉದ್ದವಾಗುತ್ತದೆ. ಈ ಒಂದು ಅಭ್ಯಾಸದಿಂದ ನನ್ನ ಉಚ್ಚಾರ ಎಷ್ಟು ಸುಧಾರಿಸಿತು ಅಂದರೆ, ಬೇರೆ ಯಾವ ಪಾಠದಿಂದಲೂ ಅಷ್ಟು ಆಗಿಲ್ಲ.

ಉತ್ತರ: ಮೊಮ್ಮಗನಿಗೆ ಕಲಿಸುವ ಅಜ್ಜ

ನಾನು ಚೀಟಿ ಆಡಿಸುತ್ತೇನಮ್ಮ. ಒಂದೊಂದು ಚೀಟಿಯಲ್ಲಿ ಒಂದು ಚಿತ್ರ ಮಾತ್ರ, ಅಕ್ಷರ ಇಲ್ಲ. ಮೀನು, ತಟ್ಟೆ, ನಕ್ಷತ್ರ, ಕಾರು. ಫಿಶ್ ಜೊತೆ ಡಿಶ್, ಸ್ಟಾರ್ ಜೊತೆ ಕಾರ್ ಅಂತ ಅವನೇ ಜೋಡಿಸಬೇಕು. ಚಿತ್ರ ಕಣ್ಣೆದುರು ಇರುವಾಗ ಅರ್ಥ ಬಿಟ್ಟುಹೋಗಲು ಜಾಗವೇ ಇಲ್ಲ.

ಉತ್ತರ: ಮಕ್ಕಳಿಗಾಗಿ ಇಂಗ್ಲಿಷ್ ಪದ್ಯ ಬರೆಯುವವಳು

ಎರಡು ಸಾಲಿನ ಪದ್ಯ ಕಟ್ಟಿಸಿ, ಅಕ್ಕಾ. ಸ್ನೇಲ್ ಅಂದರೆ ಬಸವನಹುಳು, ಟ್ರೇಲ್ ಅಂದರೆ ಹಾದುಹೋದ ಗುರುತು. 'ಎ ಲಿಟ್ಲ್ ಸ್ನೇಲ್, ಲೆಫ್ಟ್ ಎ ಟ್ರೇಲ್' ಅಂತ ನಾನು ಶುರು ಮಾಡುತ್ತೇನೆ. ಮಕ್ಕಳು ಟೇಲ್, ಸೇಲ್, ವೇಲ್ ಅಂತ ಹುಡುಕಿ ಮುಂದಿನ ಸಾಲು ಕೊಡುತ್ತಾರೆ. ಸಾಲು ಕಟ್ಟಬೇಕಾದರೆ ಅರ್ಥ ಗೊತ್ತಿರಲೇಬೇಕು ಅಲ್ವಾ? ಬಾಲ, ದೋಣಿಯ ಹಾಯಿ, ತಿಮಿಂಗಿಲ, ಮೂರೂ ತಾವಾಗಿಯೇ ಮನಸ್ಸಿನಲ್ಲಿ ಉಳಿಯುತ್ತವೆ.

ಕನ್ನಡದ ಆದಿಪ್ರಾಸ ಓದಿ ಬೆಳೆದವರು ಒಂದು ವಿಷಯ ಗಮನಿಸಿ. ಅಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಸೇರಿದರೆ ಆಯಿತು, ಅದರ ಮೇಲಿನ ಸ್ವರ ಬದಲಾಗಬಹುದು. ಇಂಗ್ಲಿಷಿನಲ್ಲಿ ಸ್ವರವೇ ಮುಖ್ಯ. ಅದು ಬದಲಾದರೆ ಪ್ರಾಸವೇ ಹೋಯಿತು.

ಒತ್ತಿನ ಬಗ್ಗೆ ಟೀಚರ್ ಒಂದೇ ಮಾತಿನಲ್ಲಿ ಹೇಳಿದರು, ನಾನು ಸ್ವಲ್ಪ ಬಿಡಿಸುತ್ತೇನೆ. ಮಕ್ಕಳು ಸಿಂಗ್ ಮತ್ತು ಗೋಯಿಂಗ್ ಜೋಡಿ ಮಾಡುತ್ತಾರೆ. ಕೊನೆಗೆ 'ಇಂಗ್' ಇದೆ, ನಿಜ. ಆದರೆ ಗೋಯಿಂಗ್‌ನಲ್ಲಿ ಒತ್ತು 'ಗೋ' ಮೇಲೆ ಬೀಳುತ್ತದೆ. ಅಲ್ಲಿಂದ ಕೊನೆಯವರೆಗೂ ಸೇರಬೇಕು. ಆದ್ದರಿಂದ ಅದರ ಜೋಡಿ ಗ್ರೋಯಿಂಗ್ ಅಥವಾ ಫ್ಲೋಯಿಂಗ್, ಬೆಳೆಯುವುದು ಅಥವಾ ಹರಿಯುವುದು. ಮದರ್‌ಗೆ ಬ್ರದರ್ ಸರಿಯಾದ ಜೋಡಿ. ಫಾದರ್ ಸೇರುವುದಿಲ್ಲ, ಮೊದಲ ಸ್ವರವೇ ಬೇರೆ.

ಇನ್ನು ಕೆಲವು ಪದಕ್ಕೆ ಜೋಡಿ ಹುಡುಕುತ್ತಾ ಕೂರಬೇಡಿ. ಮಂತ್, ಅಂದರೆ ತಿಂಗಳು, ಅದಕ್ಕೆ ಬಳಕೆಯಲ್ಲಿರುವ ಪೂರ್ಣ ಪ್ರಾಸಪದವೇ ಇಲ್ಲ. ಆರೆಂಜ್ ಕೂಡ ಹಾಗೇ. ವೇಲ್ಸ್‌ನಲ್ಲಿ ಬ್ಲಾರೆಂಜ್ ಅನ್ನುವ ಬೆಟ್ಟ ಇದೆ, ಆರೆಂಜ್‌ಗೆ ಪ್ರಾಸ ಕೂಡುವ ಹೆಸರು ಅಂತ ಅದನ್ನು ತೋರಿಸುವವರಿದ್ದಾರೆ. ಮಗುವಿನ ಪದ್ಯಕ್ಕೆ ಅದರಿಂದ ಉಪಯೋಗ ಕಡಿಮೆ. ಆ ಪದವನ್ನು ಸಾಲಿನ ನಡುವೆ ಇಟ್ಟರೆ ಕೆಲಸ ಸಲೀಸು.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸನ್, ರನ್, ಪೆನ್ ಆಟ ಆಡಿಸಿದೆ, ಕಣ್ಣು ಮುಚ್ಚಿಕೊಂಡು ಸರಿಯಾಗಿ ಹೇಳಿದಳು. ಈಗ ಯಾವ ಗುಂಪಿನಿಂದ ಶುರು ಮಾಡಲಿ? ಪದಗಳು ಲೆಕ್ಕವಿಲ್ಲದಷ್ಟು ಇವೆಯಲ್ಲ.

ಉತ್ತರ: ಪ್ರೈಮರಿ ಇಂಗ್ಲಿಷ್ ಟೀಚರ್

ಹೆದರಬೇಡಿ. ವೈಲಿ ಮತ್ತು ಡರೆಲ್ ಎಂಬ ಸಂಶೋಧಕರು 1970ರಲ್ಲಿ ತೋರಿಸಿದ ಲೆಕ್ಕ ಟೀಚರುಗಳಿಗೆಲ್ಲ ಪರಿಚಿತ. ಬರೀ 37 ಬಾಲಗಳಿಂದ ಚಿಕ್ಕ ಕ್ಲಾಸಿನ ಸುಮಾರು 500 ಪದ ಆಗುತ್ತವೆ. 'ಆಟ್', 'ಏಕ್', 'ಐಟ್', 'ಇಲ್', 'ಇಂಗ್', 'ಆಕ್' ಇಂಥವು. 'ಏಕ್' ಹಿಡಿದರೆ ಲೇಕ್ ಅಂದರೆ ಕೆರೆ, ವೇಕ್ ಅಂದರೆ ಎಚ್ಚರವಾಗು, ಶೇಕ್ ಅಂದರೆ ಅಲುಗಾಡಿಸು, ಸ್ನೇಕ್ ಅಂದರೆ ಹಾವು.

ನನಗೆ ತುಂಬಾ ಇಷ್ಟವಾದ ಗುಂಪು 'ಅಂಪ್'. ಬಂಪ್ ಅಂದರೆ ಉಬ್ಬು. ಲಂಪ್ ಅಂದರೆ ಮುದ್ದೆ, ಗಂಟು. ಹಂಪ್ ಅಂದರೆ ಒಂಟೆಯ ಡುಬ್ಬ. ಸ್ಟಂಪ್ ಅಂದರೆ ಮರ ಕಡಿದ ಮೇಲೆ ಉಳಿಯುವ ಮೋಟು. ಪ್ಲಂಪ್ ಅಂದರೆ ದುಂಡುದುಂಡಗಿರುವುದು. ಎಲ್ಲದರಲ್ಲೂ ಏನೋ ದಪ್ಪಗೆ ಎದ್ದು ನಿಂತಿದೆ! ಹಾಗೇ 'ಆಶ್' ಗುಂಪು. ಕ್ರ್ಯಾಶ್, ಸ್ಮ್ಯಾಶ್, ಬ್ಯಾಶ್, ಸ್ಪ್ಲ್ಯಾಶ್. ಎಲ್ಲದರಲ್ಲೂ ಬಡಿತ ಇದೆ: ಅಪ್ಪಳಿಸುವುದು, ಪುಡಿ ಮಾಡುವುದು, ಗುದ್ದುವುದು, ನೀರು ಚಿಮ್ಮಿಸುವುದು. ಕೈಯಲ್ಲಿ ಅಭಿನಯ ಮಾಡಿಸುತ್ತಾ ಹೇಳಿಸಿದರೆ ಮಕ್ಕಳು ಮರೆಯುವುದೇ ಇಲ್ಲ. ಆದರೆ ಇದನ್ನು ನಿಯಮ ಮಾಡಿಕೊಳ್ಳಬೇಡಿ. ಪಂಪ್, ಕ್ಯಾಶ್ ಈ ಸಾಲಿಗೆ ಸದ್ದಿನಲ್ಲಿ ಸೇರುತ್ತವೆ, ಅರ್ಥದಲ್ಲಿ ಇಲ್ಲ.

ಒ-ಯು-ಜಿ-ಎಚ್ ಬಾಲದ ಪದಗಳನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಟಫ್ ಅಂದರೆ ಕಷ್ಟದ್ದು, ಅದು ಸ್ಟಫ್ ಜೊತೆ ಸೇರುತ್ತದೆ. ಕೆಮ್ಮು ಅನ್ನುವ ಕಾಫ್, ಆಫ್ ಜೊತೆ. ಆದರೂ ಅನ್ನುವ ದೋ, ಗೋ ಜೊತೆ. ಮೂಲಕ ಅನ್ನುವ ಥ್ರೂ, ಬ್ಲೂ ಜೊತೆ. ಮರದ ಕೊಂಬೆ ಅನ್ನುವ ಬೌ, ಕೌ ಜೊತೆ. ಒಂದೇ ಬಾಲ, ಐದು ಸದ್ದು. ದೊಡ್ಡ ಕ್ಲಾಸಿಗೆ ಬಂದಾಗ ನೋಡಿಕೊಂಡರಾಯಿತು.

ಉತ್ತರ: ಹೊರದೇಶದಲ್ಲಿ ಮಕ್ಕಳನ್ನು ಓದಿಸುತ್ತಿರುವವರು

ಇಷ್ಟು ಹೊತ್ತು ಯಾರೂ ಹೇಳದ ಒಂದು ಮಾತು. ಪ್ರಾಸ ಹೇಳುವವರ ಉಚ್ಚಾರದ ಮೇಲೂ ನಿಂತಿದೆ. ಅಮೆರಿಕದಲ್ಲಿ ಎಬಿಸಿಡಿಯ ಕೊನೆ ಅಕ್ಷರ ಜ಼ೀ, ಹಾಗಾಗಿ ಮೀ ಜೊತೆ ಸೇರುತ್ತದೆ. ಬ್ರಿಟನ್ನಿನಲ್ಲಿ ಅದು ಜ಼ೆಡ್, ಬೆಡ್ ಜೊತೆ ಸೇರುತ್ತದೆ. ಬಿಡುವು ಅನ್ನುವ ಪದ ಬ್ರಿಟಿಷರ ಬಾಯಲ್ಲಿ ಲೆಷರ್, ಪ್ಲೆಷರ್‌ಗೆ ಸರಿಜೋಡಿ. ಹೆಚ್ಚಿನ ಅಮೆರಿಕನ್ನರು ಲೀಷರ್ ಅನ್ನುತ್ತಾರೆ, ಆಗ ಜೋಡಿ ಮುರಿಯಿತು. ಅಗೆನ್ ಅಂತ ಹೇಳುವವರಿಗೆ ಅದು ಪೆನ್ ಜೊತೆ, ಅಗೇನ್ ಅನ್ನುವವರಿಗೆ ರೇನ್ ಜೊತೆ. ಟೀಚರ್ ತಪ್ಪು ಹಾಕಿದರೆ ಜಗಳ ಬೇಡ, ಯಾವ ಉಚ್ಚಾರ ಅನುಸರಿಸುತ್ತಿದ್ದಾರೆ ಅಂತ ಕೇಳಿ. ಆನ್‌ಲೈನ್ ನಿಘಂಟುಗಳಲ್ಲಿ ಎರಡೂ ಥರ ಕೇಳಿಸುವ ಬಟನ್ ಇರುತ್ತದೆ.

ಮಗಳು ದೊಡ್ಡವಳಾದ ಮೇಲೆ ಪೂರ್ವ ಲಂಡನ್ನಿನ ಕಾಕ್ನಿ ಮಾತಿನ ಪ್ರಾಸ ತೋರಿಸಿ. 1859ರ ಒಂದು ಆಡುಮಾತಿನ ನಿಘಂಟಿನಲ್ಲೇ ಅದರ ಪಟ್ಟಿ ಇದೆ. ಮೆಟ್ಟಿಲು, ಅಂದರೆ ಸ್ಟೇರ್ಸ್ ಅನ್ನಲು ಅವರು 'ಆಪಲ್ಸ್ ಆ್ಯಂಡ್ ಪೇರ್ಸ್' ಅನ್ನುತ್ತಾರೆ. ಫೋನಿಗೆ 'ಡಾಗ್ ಆ್ಯಂಡ್ ಬೋನ್'. ನೋಟ, ಅಂದರೆ ಲುಕ್ ಅನ್ನುವುದಕ್ಕೆ 'ಬುಚರ್ಸ್ ಹುಕ್'. ಆಮೇಲೆ ಹುಕ್ ಅನ್ನೂ ಬಿಟ್ಟು ಬರೀ 'ಬುಚರ್ಸ್' ಅನ್ನುತ್ತಾರೆ, ಅಂದರೆ ಪ್ರಾಸ ಕೂಡುವ ಪದವೇ ಮಾಯ! ಅರ್ಥ ಗೊತ್ತಿಲ್ಲದವರಿಗೆ ಅದು ಒಗಟು. ನನ್ನ ಮಕ್ಕಳು ಅದನ್ನು ನೋಡಿ ತಮ್ಮದೇ ಗುಟ್ಟಿನ ಜೋಡಿಗಳನ್ನು ಕಟ್ಟಲು ಶುರು ಮಾಡಿದರು. ಹಾಗೆ ಕಟ್ಟಲು ಹೊಸ ಪದ ಬೇಕಾದಾಗಲೆಲ್ಲ ತಾವೇ ನಿಘಂಟು ತೆರೆಯುತ್ತಾರೆ.